ನೀರು ಶುದ್ಧವಿದ್ದರೂ ಗಾಜಿನ ಮೇಲೆ ಕಲೆ: ಒಂದು ಕಟ್ಟಡಕ್ಕೆ ಬ್ರಷ್ ಆರಿಸಿದ ಪ್ರಕರಣ

ನಾಲ್ಕು ಮಹಡಿಯ ಕಚೇರಿ ಕಟ್ಟಡ. ಎಲ್ಲಕ್ಕಿಂತ ಮೇಲಿನ ಕಿಟಕಿಯ ತಲೆ ನೆಲದಿಂದ ಸುಮಾರು 12 ಮೀಟರ್ ಎತ್ತರದಲ್ಲಿದೆ. ಏಣಿ ಹತ್ತದೆ, ಹಗ್ಗಕ್ಕೆ ಜೋತು ಬೀಳದೆ ನೆಲದ ಮೇಲೇ ನಿಂತು ಗಾಜು ತೊಳೆಯಲು ಇಲ್ಲಿನ ಗುತ್ತಿಗೆ ತಂಡ ವಾಟರ್-ಫೆಡ್ ಪೋಲ್ ಬಳಸುತ್ತಿತ್ತು. ಒಂದರೊಳಗೊಂದು ಸರಿಯುವ ಕಾರ್ಬನ್ ಫೈಬರ್ ಕೋಲು, ಅದರೊಳಗೆ ಹಾದುಹೋಗುವ ಸಣ್ಣ ಪೈಪು, ತುದಿಯಲ್ಲಿ ನೀರು ಚಿಮ್ಮುವ ಬ್ರಷ್. ಖನಿಜಾಂಶ ತೆಗೆದ ಶುದ್ಧ ನೀರಿನಲ್ಲಿ ಉಜ್ಜಿ, ಅದೇ ನೀರಿನಲ್ಲಿ ಜಾಲಿಸಿ, ಒರೆಸದೆ ಒಣಗಲು ಬಿಡುವುದು ಈ ವಿಧಾನ. ಸೋಪಿಲ್ಲ, ಬಟ್ಟೆಯಿಲ್ಲ, ನೀರು ಬಳಿದು ತೆಗೆಯುವ ರಬ್ಬರ್ ಪಟ್ಟಿಯ ಸ್ಕ್ವೀಜಿಯೂ ಇಲ್ಲ. ಹಾಗಾಗಿ ಕೆಲಸದ ಗುಣಮಟ್ಟವೆಲ್ಲ ನೀರು ಮತ್ತು ಬ್ರಷ್ ಎರಡರ ಮೇಲೇ ನಿಂತಿರುತ್ತದೆ.

ತಂಡದ ಹತ್ತಿರ ಇದ್ದದ್ದು ಒಂದೇ ಬಗೆಯ ಬ್ರಷ್: 45 ಸೆಂಟಿಮೀಟರ್ ಅಗಲ, ದಪ್ಪ ನೈಲಾನ್ ಎಳೆ, ಒಣಗಿದ್ದಾಗ ಸುಮಾರು 700 ಗ್ರಾಂ ತೂಕ, ದಾರದಂತೆ ನೇರ ಧಾರೆ ಬಿಡುವ ಎರಡು ಪೆನ್ಸಿಲ್ ಜೆಟ್. ಕಟ್ಟಡದ ಮೂರೂ ಮುಖಕ್ಕೆ ಅದನ್ನೇ ಬಳಸುತ್ತಿದ್ದರು. ಮೂರು ಮುಖಗಳಿಗೆ ಮಾತ್ರ ಒಂದಕ್ಕೊಂದು ಹೋಲಿಕೆಯೇ ಇಲ್ಲ. ರಸ್ತೆಗೆ ತೆರೆದ ಮುಂಭಾಗದ್ದು ಹಳೆಯ ಸಾದಾ ಗಾಜು, ಅದರ ಮೇಲೆ ಧೂಳು ಮತ್ತು ವಾಹನದ ಹೊಗೆಯ ಮಸಿ. ಎಡಗಡೆ ಮರಗಳ ಸಾಲು, ಅಲ್ಲಿ ಹಕ್ಕಿ ಹಿಕ್ಕೆ, ಪರಾಗ, ಮರದಿಂದ ಉದುರುವ ಅಂಟು, ಜೇಡದ ಹಿಕ್ಕೆಯ ಕಪ್ಪು ಚುಕ್ಕಿ. ಹಿಂಭಾಗವನ್ನು ಈಚೆಗೆ ನವೀಕರಿಸಿ ಗಾಜು, ಫ್ರೇಮು, ಸಂದು ಮುಚ್ಚುವ ಸಿಲಿಕೋನ್ ಸೀಲಂಟ್ ಎಲ್ಲವನ್ನೂ ಹೊಸದಾಗಿ ಕೂರಿಸಿದ್ದರು.

ದೂರುಗಳೂ ಮೂರು. ಹಿಂಭಾಗದ ಹೊಸ ಗಾಜು ಒಣಗಿದ ಮೇಲೆ ಮೈತುಂಬ ಚುಕ್ಕಿಚುಕ್ಕಿ. ಮರದ ಕಡೆ ಹಕ್ಕಿ ಹಿಕ್ಕೆಯ ಅಚ್ಚು ಪೂರ್ತಿ ಹೋಗುವುದಿಲ್ಲ. ಮೇಲಿನ ಮಹಡಿ ಮುಗಿಸುವಷ್ಟರಲ್ಲಿ ಕೆಲಸಗಾರರ ಭುಜ ಸೋತುಹೋಗುತ್ತದೆ. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವವರು ಇದಕ್ಕೆ ಕಾರಣವನ್ನೂ ಪರಿಹಾರವನ್ನೂ ತಾವೇ ಕಂಡುಕೊಂಡಿದ್ದರು: ಬ್ರಷ್ ಮೆತ್ತಗಾಯಿತು, ಇನ್ನೂ ಬಿರುಸಾದದ್ದು ತರಿಸಬೇಕು. ಯಾವ ಬಿರುಸಿನದು ತರಿಸಬೇಕು ಎಂದು ಕೇಳಲು ನನ್ನನ್ನು ಕರೆಸಿದ್ದರು.

ಬಿರುಸಿನ ಪ್ರಶ್ನೆ ಆಮೇಲಿನದು. ಬ್ರಷ್ ಎಂದರೆ ಉಜ್ಜುವ ಸಾಧನ ಎಂದೇ ಎಲ್ಲರ ತಲೆಯಲ್ಲಿರುತ್ತದೆ, ಮಾರುವವರೂ ಎಳೆಯ ಗುಣವನ್ನೇ ಮುಂದಿಟ್ಟು ಮಾರುತ್ತಾರೆ. ಒರೆಸದೆ ಬಿಡುವ ಈ ಕೆಲಸದಲ್ಲಿ ಬ್ರಷ್ ಎರಡು ಕೆಲಸ ಮಾಡಬೇಕು: ಕೊಳೆಯನ್ನು ಗಾಜಿನಿಂದ ಬಿಡಿಸಬೇಕು, ಬಿಟ್ಟ ಕೊಳೆಯನ್ನು ಗಾಜಿನಿಂದ ಆಚೆಗೆ ಕಳಿಸಬೇಕು. ನಾನು ನೋಡಿರುವ ದೂರುಗಳಲ್ಲಿ ಹೆಚ್ಚಿನವು ಎರಡನೆಯ ಕೆಲಸ ಕೆಟ್ಟದ್ದರಿಂದ ಬಂದವು. ಆದ್ದರಿಂದ ಆಯ್ಕೆಯನ್ನು ಜಾಲಿಸುವ ಕಡೆಯಿಂದ ಶುರು ಮಾಡಬೇಕು, ಎಳೆಯ ಕಡೆಯಿಂದಲ್ಲ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದೂ ಅದಕ್ಕೇ.

ಮೊದಲು ನೀರಿನ ಪರೀಕ್ಷೆ

ಚುಕ್ಕಿ ಕಂಡ ತಕ್ಷಣ ನೀರಿನ ಮೇಲೆ ಅನುಮಾನ ಬರುವುದು ಸಹಜ. ತಂಡದ ಮೇಸ್ತ್ರಿ ತೊಟ್ಟಿಯ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ಸೊನ್ನೆ ತೋರಿಸಿದರು. ತೊಟ್ಟಿಯಲ್ಲಿ ಸೊನ್ನೆ ಇದ್ದರೆ ಸಾಲದು. ನೀರು ಪಂಪು, ಹೋಸು, ಕೋಲಿನೊಳಗಿನ ಪೈಪು, ಜೆಟ್ ಎಲ್ಲ ದಾಟಿ ಗಾಜಿಗೆ ಬರುತ್ತದೆ, ಹೋಸಿನಲ್ಲಿ ಹಿಂದೆ ನಲ್ಲಿ ನೀರು ಹರಿಸಿದ್ದರೆ ಅದರ ಅಂಶ ಉಳಿದಿರುತ್ತದೆ. ಹಾಗಾಗಿ ಬ್ರಷ್ ತುದಿಯಿಂದ ಬೀಳುವ ನೀರನ್ನೇ ಬಟ್ಟಲಲ್ಲಿ ಹಿಡಿದು ಅಳೆದೆವು. ಬಂದದ್ದು 3 ಪಿಪಿಎಂ, ಅಂದರೆ ನೀರಿನ ಹತ್ತು ಲಕ್ಷ ಭಾಗಕ್ಕೆ 3 ಭಾಗ ಲವಣ. ಈ ಕೆಲಸದಲ್ಲಿ 10ರ ಒಳಗಿದ್ದರೆ ಸಾಮಾನ್ಯವಾಗಿ ಕಲೆ ಕಾಣುವುದಿಲ್ಲ.

ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್. ನೀರಿನಲ್ಲಿ 300 ಪಿಪಿಎಂ ಲವಣವಿದ್ದರೆ ಆ ಹನಿ ಒಣಗಿದಾಗ ಗಾಜಿನ ಮೇಲೆ 15 ಮೈಕ್ರೋಗ್ರಾಂ ಉಳಿಯುತ್ತದೆ, ಬಿಸಿಲಿಗೆ ಬಿಳಿ ಉಂಗುರವಾಗಿ ಎದ್ದು ಕಾಣುತ್ತದೆ. 3 ಪಿಪಿಎಂ ಇದ್ದರೆ ಉಳಿಯುವುದು 0.15 ಮೈಕ್ರೋಗ್ರಾಂ. ಅದು ಕಣ್ಣಿಗೆ ಸಿಗುವ ಪ್ರಮಾಣವಲ್ಲ. ಹಾಗಿದ್ದರೆ ಹಿಂಭಾಗದ ಗಾಜಿನ ಮೇಲಿರುವ ಚುಕ್ಕಿ ನೀರಿನದಲ್ಲ.

ಒಣಗಿದ ಒಂದು ಗಾಜಿನ ಹಿಂದೆ ಒಳಗಿನಿಂದ ಕಪ್ಪು ಬಟ್ಟೆ ಹಿಡಿಸಿ ಹತ್ತಿರದಿಂದ ನೋಡಿದೆ. ಪ್ರತಿ ಚುಕ್ಕಿಯೂ ಹೆಸರುಕಾಳಿಗಿಂತ ಚಿಕ್ಕದು. ಅಂಚಿನಲ್ಲಿ ಬಿಳಿ ಉಂಗುರವಿಲ್ಲ, ಬದಲಿಗೆ ಕೆಳತುದಿಯಲ್ಲಿ ಬೂದು ಬಣ್ಣದ ಸಣ್ಣ ಮಸುಕು. ಒದ್ದೆ ಬೆರಳಿನಲ್ಲಿ ಒಮ್ಮೆ ಎಳೆದರೆ ಪೂರ್ತಿ ಹೋಯಿತು, ಬೆರಳಿಗೆ ಮಸಿ ಹತ್ತಿತು. ಖನಿಜದ ಕಲೆ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಅಂದರೆ ಇದು ಗಾಜಿನಿಂದ ಬಿಟ್ಟುಕೊಂಡ ಕೊಳೆ. ಬ್ರಷ್ ಅದನ್ನು ಬಿಡಿಸಿದೆ, ನೀರಿಗೆ ಬೆರೆಸಿದೆ, ಆ ನೀರು ಮಾತ್ರ ಕೆಳಗಿಳಿಯದೆ ಹನಿಯಾಗಿ ಅಲ್ಲೇ ಕೂತು, ಒಣಗಿ, ತನ್ನೊಳಗಿನ ಕೊಳೆಯನ್ನು ಅಲ್ಲೇ ಇಳಿಸಿದೆ. ಉಜ್ಜುವ ಕೆಲಸದಲ್ಲಿ ಇಲ್ಲಿ ಕೊರತೆ ಇರಲೇ ಇಲ್ಲ.

ಗಾಜು ನೀರನ್ನು ಏನು ಮಾಡುತ್ತದೆ

ಪ್ರತಿ ಮುಖದಲ್ಲೂ ಒಂದೊಂದು ಗಾಜನ್ನು ಚೆನ್ನಾಗಿ ಒದ್ದೆ ಮಾಡಿ, ಬ್ರಷ್ ತೆಗೆದು ಸುಮ್ಮನೆ ನೋಡುವಂತೆ ಮೇಸ್ತ್ರಿಗೆ ಹೇಳಿದೆ. ಮುಂಭಾಗದ ಹಳೆಯ ಗಾಜಿನ ಮೇಲೆ ನೀರು ಒಂದೇ ಪದರವಾಗಿ ಹರಡಿ, ಮೇಲಿನಿಂದ ಕೆಳಕ್ಕೆ ತೆರೆ ಸರಿದಂತೆ ಇಳಿಯಿತು. ಮರದ ಕಡೆಯದೂ ಹೆಚ್ಚುಕಡಿಮೆ ಹಾಗೆಯೇ. ಹಿಂಭಾಗದಲ್ಲಿ ಕೋಲು ಪಕ್ಕಕ್ಕೆ ತೆಗೆಯುವುದರೊಳಗೆ ಪದರ ಹರಿದು, ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನೀರೆಲ್ಲ ಮಣಿಮಣಿಯಾಯಿತು. ದೊಡ್ಡ ಮಣಿಗಳು ಉರುಳಿ ಹೋದವು. ಚಿಕ್ಕವು ಕದಲಲಿಲ್ಲ.

“ಸಾರ್, ಇದು ಹೊಸ ಗಾಜು. ಹೊಸದಾದ್ದರಿಂದ ಇನ್ನೂ ಸಲೀಸಾಗಿ ತೊಳೆಯಬೇಕಿತ್ತಲ್ಲವಾ?” ಎಂದು ಮೇಸ್ತ್ರಿ ಕೇಳಿದರು.

ಹೊಸದಾದ್ದರಿಂದಲೇ ಈ ತೊಂದರೆ. ಕೊಳೆಯಿಲ್ಲದ ಬರೀ ಗಾಜು ನೀರನ್ನು ಹಿಡಿಯುತ್ತದೆ, ಅದನ್ನು ಹೈಡ್ರೋಫಿಲಿಕ್ ಎನ್ನುತ್ತೇವೆ. ಹೊಸ ಸಿಲಿಕೋನ್ ಸೀಲಂಟ್‌ನಿಂದ, ಕೆಲವು ರಬ್ಬರ್ ಪಟ್ಟಿಗಳಿಂದ ಎಣ್ಣೆಯಂಥ ಅಂಶ ಜಿನುಗಿ ಗಾಜಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರವಾಗಿ ಹರಡುತ್ತದೆ. ಆ ಪದರಕ್ಕೆ ನೀರು ಒಲ್ಲದು. ಗಾಜು ಹೈಡ್ರೋಫೋಬಿಕ್ ಆಗುತ್ತದೆ. ಇದಕ್ಕೆ ಪೂರ್ತಿ ತದ್ವಿರುದ್ಧವಾದ ಗಾಜೂ ಇದೆ: 2001ರಲ್ಲಿ ಮಾರುಕಟ್ಟೆಗೆ ಬಂದ ಪಿಲ್ಕಿಂಗ್ಟನ್ ಆಕ್ಟಿವ್‌ನಂಥ ತಾನೇ ಶುಚಿಯಾಗುವ ಗಾಜುಗಳಿಗೆ ಟೈಟಾನಿಯಂ ಡೈಆಕ್ಸೈಡ್ ಲೇಪ ಇರುತ್ತದೆ, ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಆ ಲೇಪ ನೀರನ್ನು ಇನ್ನೂ ಚೆನ್ನಾಗಿ ಹರಡಿಸುತ್ತದೆ. ಕಟ್ಟಡ ಯಾವುದೇ ಇರಲಿ, ಬ್ರಷ್ ಬಗ್ಗೆ ಮಾತಾಡುವ ಮೊದಲು ಈ ಒದ್ದೆ ಮಾಡಿ ನೋಡುವ ಪರೀಕ್ಷೆ ಮಾಡಲೇಬೇಕು. ಇದಕ್ಕೆ ಒಂದು ನಿಮಿಷವೂ ಬೇಡ, ಯಾವ ಉಪಕರಣವೂ ಬೇಡ.

ನೀರು ಹಿಡಿಯುವ ಗಾಜಿನಲ್ಲಿ ಪೆನ್ಸಿಲ್ ಜೆಟ್ ಸಾಕು. ಎರಡೇ ಧಾರೆ ಬಿದ್ದರೂ ಗಾಜೇ ನೀರನ್ನು ಎರಡೂ ಪಕ್ಕಕ್ಕೆ ಎಳೆದುಕೊಂಡು ಪದರ ಮಾಡುತ್ತದೆ, ಕೊಳೆ ಆ ಪದರದೊಂದಿಗೆ ಇಳಿದುಹೋಗುತ್ತದೆ. ನೀರು ಒಲ್ಲದ ಗಾಜಿನಲ್ಲಿ ಎರಡು ಧಾರೆ ಎರಡು ಕಾಲುವೆಯಾಗಿ ಕೆಳಗಿಳಿಯುತ್ತದೆ ಅಷ್ಟೆ. ನಡುವಿನ ಜಾಗದಲ್ಲಿ ಕೂತ ಮಣಿಗಳಿಗೆ ಯಾರೂ ತಾಗುವುದಿಲ್ಲ. ಅಲ್ಲಿ ಬೀಸಣಿಗೆಯಂತೆ ಅಗಲವಾಗಿ ಹರಡುವ ಫ್ಯಾನ್ ಜೆಟ್ ಬೇಕು. ಅದು ಮಣಿಗಳನ್ನು ಅಡ್ಡಸಾಲಿನಲ್ಲಿ ತಳ್ಳಿಕೊಂಡು ಕೆಳಗೆ ಬರುತ್ತದೆ.

ಇಲ್ಲೊಂದು ತಪ್ಪು ದಾರಿಯೂ ಇದೆ, ತಂಡ ಆಗಲೇ ಅದರ ಬಾಗಿಲಿಗೆ ಬಂದಿತ್ತು: ಬ್ರಷ್‌ಗೆ ಇನ್ನೆರಡು ತೂತು ಕೊರೆದು ಎರಡರ ಬದಲು ನಾಲ್ಕು ಪೆನ್ಸಿಲ್ ಜೆಟ್ ಹಾಕಿಬಿಡುವುದು. ಪಂಪು ಕೊಡುವ ನೀರು ಅಷ್ಟೇ ಇದ್ದಾಗ ಇದು ನಡೆಯದು. ಬ್ರಷ್ ತುದಿಯಲ್ಲಿ ಬಕೆಟ್ ಹಿಡಿದು ಅಳೆದಾಗ ನಿಮಿಷಕ್ಕೆ 2 ಲೀಟರ್ ಬರುತ್ತಿತ್ತು. 2 ಮಿಲಿಮೀಟರ್ ತೂತಿನ ಎರಡು ಜೆಟ್‌ನಿಂದ ಆ ನೀರು ಸೆಕೆಂಡಿಗೆ ಸುಮಾರು 5.3 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಅದೇ ಅಳತೆಯ ನಾಲ್ಕು ಜೆಟ್ ಹಾಕಿದರೆ ವೇಗ 2.65ಕ್ಕೆ ಇಳಿದು, ಧಾರೆ ಹೋಗಿ ಸೋರಿಕೆಯಾಗುತ್ತದೆ. ನಾಲ್ಕು ಬೇಕೇ ಬೇಕೆಂದರೆ ತೂತನ್ನು 1.4 ಮಿಲಿಮೀಟರ್‌ಗೆ ಇಳಿಸಬೇಕು. ಆಗ ನಾಲ್ಕರ ಒಟ್ಟು ಬಾಯಿ ಹಳೆಯ ಎರಡರಷ್ಟೇ ಆಗಿ ವೇಗ ಉಳಿಯುತ್ತದೆ. ಜೆಟ್‌ನ ಸಂಖ್ಯೆಯನ್ನೂ ತೂತಿನ ಅಳತೆಯನ್ನೂ ಪಂಪಿನ ಹರಿವನ್ನೂ ಒಟ್ಟಿಗೇ ನೋಡಬೇಕು, ಬಿಡಿಬಿಡಿಯಾಗಿ ನೋಡಿದರೆ ಕೈಕೊಡುತ್ತದೆ.

ನಾಲ್ಕು ಸಾಲಿನ ಪ್ರಯೋಗ

ಉಸ್ತುವಾರಿಯವರಿಗೆ ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಕಣ್ಣಾರೆ ತೋರಿಸುವುದು ಮೇಲು. ಹಿಂಭಾಗದಲ್ಲಿ ಪಕ್ಕಪಕ್ಕದ ನಾಲ್ಕು ಕಿಟಕಿ ಸಾಲು ಆರಿಸಿಕೊಂಡೆವು. ನಾಲ್ಕನ್ನೂ ಒಬ್ಬನೇ ಕೆಲಸಗಾರ, ಒಂದೇ ಹರಿವಿನಲ್ಲಿ, ಪ್ರತಿ ಗಾಜಿಗೆ ಅಷ್ಟೇ ಸಲ ಬ್ರಷ್ ಆಡಿಸಿ ತೊಳೆಯಬೇಕು. ಮೊದಲ ಸಾಲಿಗೆ ಹಳೆಯ ಬ್ರಷ್, ಹಳೆಯ ಪೆನ್ಸಿಲ್ ಜೆಟ್. ಎರಡನೆಯದಕ್ಕೆ ಹಳೆಯ ಬ್ರಷ್‌ಗೇ ಫ್ಯಾನ್ ಜೆಟ್. ಮೂರನೆಯದಕ್ಕೆ ಉಸ್ತುವಾರಿಯವರು ಬಯಸಿದ್ದ ಬಿರುಸಿನ ಬ್ರಷ್, ಪೆನ್ಸಿಲ್ ಜೆಟ್‌ನೊಂದಿಗೆ. ನಾಲ್ಕನೆಯದಕ್ಕೆ ನಾನು ಆರಿಸಿದ್ದ ಕಿರಿದಾದ ಹಗುರ ಬ್ರಷ್, ಫ್ಯಾನ್ ಜೆಟ್‌ನೊಂದಿಗೆ. ಒಂದು ಸಲಕ್ಕೆ ಎರಡು ಮೂರು ಸಂಗತಿ ಒಟ್ಟಿಗೆ ಬದಲಾಯಿಸಿ “ಸರಿಹೋಯಿತು” ಎಂದುಬಿಟ್ಟರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಬ್ರಷ್ ಸವೆದಾಗ ಅದೇ ತೊಂದರೆ ಮರಳಿ ಬರುತ್ತದೆ.

ಒದ್ದೆಯಿರುವಾಗ ನಾಲ್ಕೂ ಸಾಲು ಒಂದೇ ತರ ಹೊಳೆಯುತ್ತಿದ್ದವು. ತೀರ್ಪು ಒಣಗಿದ ಮೇಲೆ, ಅದೂ ಬಿಸಿಲು ಓರೆಯಾಗಿ ಬಿದ್ದಾಗ ಮತ್ತು ಒಳಗಿನಿಂದ ನೋಡಿದಾಗ. ಮೊದಲನೆಯದು ಮತ್ತು ಮೂರನೆಯದು ಎರಡರಲ್ಲೂ ಚುಕ್ಕಿ ಹಾಗೇ ಇತ್ತು. ಬಿರುಸಿನ ಬ್ರಷ್‌ನದು ಮೂಲೆಗಳಲ್ಲಿ ಇನ್ನಷ್ಟು ಕೆಟ್ಟಿತ್ತು. ಎರಡನೆಯದರಲ್ಲಿ ಗಾಜಿನ ನಡುಭಾಗ ಶುಭ್ರ, ಅಂಚಿನಲ್ಲಿ ಮಾತ್ರ ಒಂದಿಷ್ಟು ಕಲೆ. ನಾಲ್ಕನೆಯದರಲ್ಲಿ ಅಂಚೂ ಹೆಚ್ಚುಕಡಿಮೆ ಶುಭ್ರ. ದೂರಿನ ದೊಡ್ಡ ಪಾಲು ಜೆಟ್‌ನದು, ಉಳಿದ ಚೂರು ಬ್ರಷ್‌ನದು ಎಂದು ಅಲ್ಲಿಗೆ ಸ್ಪಷ್ಟವಾಯಿತು. ಉಸ್ತುವಾರಿಯವರು ಮೂರನೆಯ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತು, “ಇದನ್ನೇ ಅಲ್ಲವೇ ನಾನು ತರಿಸಬೇಕೆಂದಿದ್ದದ್ದು?” ಎಂದು ಕೇಳಿ, ಕೈಯಲ್ಲಿದ್ದ ಬಿರುಸಿನ ಬ್ರಷ್‌ಗಳ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ನಾಲ್ಕೂ ಸಾಲಿನಲ್ಲಿ ಒಂದು ದೋಷ ಸಮಾನವಾಗಿತ್ತು: ಗಾಜಿನ ಮೇಲಂಚಿನಿಂದ ಕೆಳಕ್ಕೆ ಇಳಿದ ಒಂದೆರಡು ಗೆರೆ. ಅದಕ್ಕೆ ಬ್ರಷ್ ಹೊಣೆಯಲ್ಲ. ಮೇಲಿನ ಫ್ರೇಮಿನ ರಬ್ಬರ್ ಪಟ್ಟಿಯ ಸಂದಿನಲ್ಲಿ ನಿಂತ ಕೊಳೆನೀರು, ಗಾಜು ಜಾಲಿಸಿ ಮುಂದೆ ಹೋದ ಮೇಲೆ ನಿಧಾನವಾಗಿ ಸೋರುತ್ತದೆ. ಮೊದಲು ಆ ಸಾಲಿನ ಎಲ್ಲ ಫ್ರೇಮುಗಳ ತಲೆಯನ್ನು ತೊಳೆದು, ಸೋರುವಷ್ಟು ಸೋರಲು ಬಿಟ್ಟು, ಆಮೇಲೆ ಗಾಜಿಗೆ ಬಂದು, ಕೊನೆಯ ಜಾಲಿಕೆಯಲ್ಲಿ ಮೇಲಿನ ಫ್ರೇಮಿಗೆ ಬ್ರಷ್ ತಾಗಿಸದೆ ಇದ್ದರೆ ಗೆರೆ ನಿಲ್ಲುತ್ತದೆ. ಎಂಥ ಬ್ರಷ್ ಕೊಂಡರೂ ಈ ಅನುಕ್ರಮಕ್ಕೆ ಬದಲಿ ಇಲ್ಲ.

ತೂಕ ಮತ್ತು ಅಗಲ

ಭುಜದ ನೋವನ್ನು ನಾನು ಕಲೆಯ ದೂರಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕಲೆಯಾದ ಗಾಜನ್ನು ಮತ್ತೆ ತೊಳೆಯಬಹುದು, ಹಾಳಾದ ಭುಜದೊಂದಿಗೆ ಮನುಷ್ಯ ವರ್ಷಗಟ್ಟಲೆ ಬಾಳಬೇಕು. ಎರಡು ಬ್ರಷ್‌ಗಳ ತೂಕದಲ್ಲಿ 300 ಗ್ರಾಂ ವ್ಯತ್ಯಾಸ ಅಂಗಡಿಯಲ್ಲಿ ಕೈಗೆ ಗೊತ್ತೇ ಆಗುವುದಿಲ್ಲ. ಅದನ್ನೇ ಕೋಲಿನ ತುದಿಗೆ ಕಟ್ಟಿದಾಗ ಏನಾಗುತ್ತದೆ ನೋಡಿ. 12 ಮೀಟರ್ ಕೋಲನ್ನು ನೆಲಕ್ಕೆ 70 ಡಿಗ್ರಿ ಕೋನದಲ್ಲಿ ಹಿಡಿದರೆ ಅದರ ತುದಿ ಅಡ್ಡಳತೆಯಲ್ಲಿ ಕೆಲಸಗಾರನಿಂದ ಸುಮಾರು 4.1 ಮೀಟರ್ ದೂರದಲ್ಲಿರುತ್ತದೆ. ಅಷ್ಟು ದೂರದ 300 ಗ್ರಾಂ ಸುಮಾರು 12 ನ್ಯೂಟನ್-ಮೀಟರ್ ತಿರುಚು ಹಾಕುತ್ತದೆ. ಕೋಲಿನ ಮೇಲೆ ಎರಡು ಕೈಗಳ ಅಂತರ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒಂದು ಕೈ ಎಳೆಯುತ್ತಾ ಇನ್ನೊಂದು ತಳ್ಳುತ್ತಾ ಒಂದೊಂದೂ ಸುಮಾರು 2 ಕಿಲೋ ತೂಕದಷ್ಟು ಹೆಚ್ಚುವರಿ ಬಲ ಹಾಕಬೇಕು. ಇದು ಹೆಚ್ಚುವರಿ ತೂಕದ ಲೆಕ್ಕ ಮಾತ್ರ. ಇದರ ಮೇಲೆ ಬ್ರಷ್‌ನ ಉಳಿದ ತೂಕ, ಕೋಲಿನ ತೂಕ, 5 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ತುಂಬಿ ನಿಂತ ಸುಮಾರು 235 ಗ್ರಾಂ ನೀರು, ಎಳೆಗಳ ನಡುವೆ ಹಿಡಿದುಕೊಂಡ ನೀರು ಎಲ್ಲ ಇದೆ.

ಬ್ರಷ್ ಗಾಜಿಗೆ ಒರಗಿದ್ದಾಗ ಈ ಭಾರದ ಒಂದು ಪಾಲನ್ನು ಗಾಜು ಹೊರುತ್ತದೆ. ಎತ್ತಿದ ಕ್ಷಣ ಪೂರ್ತಿ ಭಾರ ಕೈಗೆ ಬರುತ್ತದೆ. ತಂಡದವರು ಕೊನೆಯ ಜಾಲಿಕೆಗೆ ಬ್ರಷ್ಷನ್ನು ಗಾಜಿನಿಂದ ಒಂದು ಗೇಣು ಹಿಂದಕ್ಕೆ ಎತ್ತಿ ಹಿಡಿದು ನೀರು ಹಾಯಿಸುತ್ತಿದ್ದರು, ಪ್ರತಿ ಕಿಟಕಿಗೂ. ಪೆನ್ಸಿಲ್ ಜೆಟ್ ಇದ್ದಾಗ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಎಳೆಗಳ ಮಧ್ಯದಿಂದ ಚಿಮ್ಮುವ ಫ್ಯಾನ್ ಜೆಟ್ ಇದ್ದರೆ ಬ್ರಷ್ಷನ್ನು ಗಾಜಿಗೆ ಹಗುರಾಗಿ ತಾಗಿಸಿಕೊಂಡೇ ಮೇಲಿನಿಂದ ನಿಧಾನಕ್ಕೆ ಎಳೆದು ಜಾಲಿಸಬಹುದು. ನೀರು ಒಲ್ಲದ ಗಾಜಿಗೂ ಇದೇ ಒಳ್ಳೆಯದು, ಯಾಕೆಂದರೆ ಎಳೆಗಳೇ ನೀರನ್ನು ಅಡ್ಡಕ್ಕೆ ಹರಡಿಸುತ್ತವೆ. ಚುಕ್ಕಿಗೆ ಹುಡುಕಿದ ಪರಿಹಾರ ಭುಜದ ನೋವಿನ ಅರ್ಧವನ್ನೂ ಕಡಿಮೆ ಮಾಡಿತು. ಇಂಥದ್ದು ಸಿಕ್ಕಾಗ ಮನಸ್ಸಿಗೆ ನಿಜಕ್ಕೂ ಖುಷಿಯಾಗುತ್ತದೆ.

ಇನ್ನು ಅಗಲ. ದೊಡ್ಡ ಬ್ರಷ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಗಟ್ಟಿ. ಈ ಕಟ್ಟಡದ ಒಂದೊಂದು ಗಾಜಿನ ಅಗಲ 60 ಸೆಂಟಿಮೀಟರ್. 45ರ ಬ್ರಷ್‌ನಲ್ಲಿ ಎರಡು ಎಳೆತ ಬೇಕು, ಅದರಲ್ಲಿ 30 ಸೆಂಟಿಮೀಟರ್ ಜಾಗ ಎರಡು ಸಲ ಉಜ್ಜಿಸಿಕೊಳ್ಳುತ್ತದೆ. 35ರದರಲ್ಲೂ ಎರಡೇ ಎಳೆತ, ನಡುವೆ 10 ಸೆಂಟಿಮೀಟರ್ ಅತಿಕ್ರಮಣ. ಅಂದರೆ ದೊಡ್ಡ ಬ್ರಷ್ ಇಲ್ಲಿ ಒಂದು ಎಳೆತವನ್ನೂ ಉಳಿಸುತ್ತಿರಲಿಲ್ಲ, ಬರೀ ಭಾರ ಹೊರಿಸುತ್ತಿತ್ತು. 30ರದು ಇನ್ನೂ ಹಗುರ, ಆದರೆ ಎರಡು ಎಳೆತ ಕೂದಲೆಳೆಯಷ್ಟೂ ಆಚೀಚೆಯಾಗದೆ ಸೇರಬೇಕು. 12 ಮೀಟರ್ ಎತ್ತರದಲ್ಲಿ ಬಾಗುವ ಕೋಲಿನಿಂದ ಅಷ್ಟು ಕರಾರುವಾಕ್ಕು ನಿರೀಕ್ಷಿಸಬಾರದು. ಬ್ರಷ್ ಅಗಲ ಆರಿಸುವ ಮೊದಲು ಟೇಪ್ ಹಿಡಿದು ಗಾಜು ಅಳೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಎಳೆಯ ಮಾತು

ಈಗ ಬಿರುಸಿನ ಪ್ರಶ್ನೆ. ಎಳೆಯ ಗಡಸುತನ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ, ಉದ್ದದ ಮೂರನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಒಂದೇ ವಸ್ತು, ಒಂದೇ ಉದ್ದ, ವ್ಯಾಸ ಮಾತ್ರ ಎರಡು ಪಟ್ಟಾದರೆ ಎಳೆ 16 ಪಟ್ಟು ಗಡಸು. ಹಾಗಾಗಿ ಕಣ್ಣಿಗೆ ತುಸುವೇ ದಪ್ಪ ಕಾಣುವ ಎಳೆ ಗಾಜಿನ ಮೇಲೆ ಬೇರೆಯದೇ ಬ್ರಷ್ ಆಗಿರುತ್ತದೆ. ನೆಲಮಹಡಿಯಲ್ಲಿ ಚಿಕ್ಕ ಕೋಲು ಹಿಡಿದವನು ಆ ಗಡಸು ಎಳೆಯನ್ನು ಒತ್ತಿ ಬಗ್ಗಿಸಬಲ್ಲ. ನಾಲ್ಕನೆಯ ಮಹಡಿಗೆ ಚಾಚಿದ ಕೋಲು ತಾನೇ ಬಾಗುತ್ತದೆ, ಒತ್ತಿದ ಬಲದಲ್ಲಿ ಗಾಜಿಗೆ ತಲುಪುವುದು ಸ್ವಲ್ಪವೇ. ಗಡಸು ಎಳೆ ಆಗ ಬಗ್ಗದೆ ತುದಿಯ ಮೇಲೆ ನಿಂತು ತೇಲುತ್ತದೆ, ಅಂಚಿನ ಎಳೆಗಳು ಮೂಲೆಗೆ ಹರಡಿಕೊಳ್ಳುವುದೇ ಇಲ್ಲ. ಮೂರನೆಯ ಸಾಲಿನ ಮೂಲೆಗಳು ಕೆಟ್ಟದ್ದು ಹೀಗೆ. ಎತ್ತರ ಹೆಚ್ಚಿದಷ್ಟೂ ಮಧ್ಯಮ ಗಡಸಿನ, ಒತ್ತಾಗಿ ನೆಟ್ಟ ಎಳೆಯೇ ಹೆಚ್ಚು ಕೊಳೆ ಬಿಡಿಸುತ್ತದೆ.

ಇನ್ನೊಂದು ವಿಷಯ ಕೊಳ್ಳುವಾಗ ತಪ್ಪಿಹೋಗುತ್ತದೆ. ಅಂಗಡಿಯಲ್ಲಿ ಬ್ರಷ್ ಒಣಗಿರುತ್ತದೆ, ಕೆಲಸದಲ್ಲಿ ನೆನೆದಿರುತ್ತದೆ. ನೈಲಾನ್ ನೀರು ಹೀರಿ ಮೆತ್ತಗಾಗುವ ವಸ್ತು. ನೈಲಾನ್ 6 ಎಂಬ ಬಗೆ ಪೂರ್ತಿ ನೆನೆದರೆ ತನ್ನ ತೂಕದ ಶೇ. 9ರ ಆಸುಪಾಸು ನೀರು ಹೀರಬಲ್ಲದು, ನೈಲಾನ್ 6.12 ಸುಮಾರು ಶೇ. 3, ಪಿಬಿಟಿ ಎಂಬ ಪಾಲಿಯೆಸ್ಟರ್ ಶೇ. 0.5ರಷ್ಟು ಮಾತ್ರ. ಬೆಳಿಗ್ಗೆ ಬಿರುಸಾಗಿದ್ದ ನೈಲಾನ್ ಬ್ರಷ್ ಮಧ್ಯಾಹ್ನಕ್ಕೆ ಸಪ್ಪೆಯಾಯಿತು ಎಂದು ಕೆಲಸಗಾರರು ಹೇಳಿದರೆ ನಂಬಬೇಕು. ಬ್ರಷ್ ಹೋಲಿಸಿ ನೋಡುವುದಿದ್ದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಆಮೇಲೆ ಗಾಜಿಗೆ ಒತ್ತಿ ನೋಡುವುದೇ ಸರಿ. ಹಿಂಭಾಗಕ್ಕೂ ಮುಂಭಾಗದ ಮೇಲಿನ ಮಹಡಿಗಳಿಗೂ ನಾನು ಪಿಬಿಟಿ ಎಳೆಯನ್ನೇ ಆರಿಸಿದೆ.

ತುದಿ ಸೀಳಿದ ಎಳೆಯ ಬಗ್ಗೆ ಮೇಸ್ತ್ರಿ ಕೇಳಿದ್ದರು. ಸೀಳಿದ ತುದಿ ಮೃದು, ನೀರನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹಿಡಿದ ನೀರಿನ ಜೊತೆ ಕೊಳೆಯನ್ನೂ ಹಿಡಿದುಕೊಳ್ಳುವುದರಿಂದ ಬ್ರಷ್ ತಾನೇ ಶುಚಿಯಾಗಲು ಹೊತ್ತು ಹಿಡಿಯುತ್ತದೆ. ಗಾಜಿಗೆ ತಾಗಿಸಿಕೊಂಡೇ ಜಾಲಿಸಬೇಕಾದ ಹಿಂಭಾಗಕ್ಕೆ ಅದು ಬೇಡವೆಂದೆ. ಕಟ್ಟಡದಲ್ಲಿ ಹೊರಮೈಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ ಎರಡು ಕಿಟಕಿಗಳಿದ್ದವು. ಅವಕ್ಕೆ ಮಾತ್ರ ಸೀಳು ತುದಿಯ ಮೆತ್ತನೆ ಬ್ರಷ್.

ಗೀರಿನ ಭಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೈಲಾನ್ ಆಗಲಿ ಪಿಬಿಟಿ ಆಗಲಿ ಗಾಜಿಗಿಂತ ಎಷ್ಟೋ ಮೃದು, ಗಾಜನ್ನು ಗೀರಲಾರದು. ಗೀರುವುದು ಎಳೆಗಳ ನಡುವೆ ಸಿಕ್ಕ ಮರಳಿನ ಕಣ. ಮೋಸ್ ಮಾಪನದಲ್ಲಿ ಸಾದಾ ಗಾಜಿನ ಗಡಸುತನ 5.5ರಿಂದ 6, ಮರಳಿನ ಕ್ವಾರ್ಟ್ಸ್ 7. ಬ್ರಷ್ಷನ್ನು ನೆಲಕ್ಕೆ ಮುಖ ಕೆಳಗಾಗಿ ಇಡುವ ಅಭ್ಯಾಸ ತಂಡದಲ್ಲಿತ್ತು, ಅದನ್ನು ಆ ದಿನವೇ ನಿಲ್ಲಿಸಿದರು. “ಅಣ್ಣ, ಇದನ್ನ ಎಲ್ಲಿಡಲಿ ಹಾಗಾದ್ರೆ?” ಎಂದು ಚಿಕ್ಕ ಹುಡುಗ ಕೇಳಿದಾಗ ಮೇಸ್ತ್ರಿ ಒಂದು ಖಾಲಿ ಬಕೆಟ್ ತಂದು ಕೊಟ್ಟರು. ಈಗ ಬ್ರಷ್ ಇಡುವ ಜಾಗ ಅದೇ.

ಮರದ ಕಡೆಗೆ ಬೇರೆಯದೇ ಲೆಕ್ಕ. ಅಲ್ಲಿ ನೀರು ಚೆನ್ನಾಗಿ ಹರಡುತ್ತದೆ, ಕೊಳೆಯೇ ಬಿಡುವುದಿಲ್ಲ. ಒಣಗಿದ ಹಿಕ್ಕೆ, ಅಂಟು ಇಂಥವಕ್ಕೆ ಹಂದಿಕೂದಲಿನಷ್ಟು ಚೆನ್ನಾಗಿ ಒಗ್ಗುವುದು ಇನ್ನೊಂದಿಲ್ಲ. ಅದರ ಮೈ ನುಣುಪಲ್ಲ, ತುದಿ ಸಹಜವಾಗಿಯೇ ಸೀಳಿರುತ್ತದೆ, ಗಾಜಿಗೆ ಮೃದುವಾಗಿದ್ದೂ ಕೊಳೆಯನ್ನು ಕಚ್ಚಿ ಎಳೆಯುತ್ತದೆ. ಕೊರತೆಯೂ ಇದೆ: ನೆನೆದು ಭಾರವಾಗುತ್ತದೆ, ಬೇಗ ಸವೆಯುತ್ತದೆ, ಮುಚ್ಚಿದ ಚೀಲದಲ್ಲಿಟ್ಟರೆ ಮುಗ್ಗಿ ನಾರುತ್ತದೆ. ಹಾಗಾಗಿ ಪೂರ್ತಿ ಹಂದಿಕೂದಲಿನದು ಬೇಡವೆಂದು, ಒಳಸಾಲು ನೈಲಾನ್, ಹೊರಸಾಲು ಹಂದಿಕೂದಲು ಇರುವ ಮಿಶ್ರ ಬ್ರಷ್ ಆರಿಸಿದೆವು, ಪೆನ್ಸಿಲ್ ಜೆಟ್‌ನೊಂದಿಗೆ. ಧಾರೆ ಒಂದೇ ಕಡೆ ಬೀಳುವುದರಿಂದ ಗಟ್ಟಿಯಾದ ಹಿಕ್ಕೆ ನೆನೆಯಲು ಅದೇ ಅನುಕೂಲ. ಹಿಕ್ಕೆಗೆ ಒಮ್ಮೆ ನೀರು ಹಾಯಿಸಿ, ಪಕ್ಕದ ಎರಡು ಕಿಟಕಿ ಮುಗಿಸಿ, ಮರಳಿ ಬಂದು ಉಜ್ಜಿದರೆ ಬಲವೇ ಬೇಡ. ಅದೃಷ್ಟಕ್ಕೆ ಮರಗಳ ಕೊಳೆಯೆಲ್ಲ ಕೆಳಗಿನ ಎರಡು ಮಹಡಿಯಲ್ಲೇ ಇತ್ತು, ಭಾರದ ಬ್ರಷ್ಷನ್ನು ಮೇಲಕ್ಕೆ ಎತ್ತುವ ಪ್ರಸಂಗ ಬರಲಿಲ್ಲ. ಮರದ ಸಾಲಿನಲ್ಲಿ ಎಲ್ಲಾದರೂ ವಿದ್ಯುತ್ ತಂತಿ ಹಾದಿದೆಯೇ ಎಂದು ಮೊದಲು ನೋಡಿಕೊಳ್ಳಲೇಬೇಕು. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ, ಒದ್ದೆಯಾದ ಯಾವ ಕೋಲನ್ನೂ ತಂತಿಯ ಹತ್ತಿರ ನಂಬಬಾರದು.

ಕೊನೆಗೆ ಕೊಂಡದ್ದು, ಉಳಿದದ್ದು

ಮುಖಕ್ಕೊಂದು ಬ್ರಷ್ ಎಂದರೆ ಖರ್ಚು ಹೆಚ್ಚು, ಕೆಲಸಗಾರರಿಗೆ ಗೊಂದಲ ಬೇರೆ ಎಂದು ಉಸ್ತುವಾರಿಯವರು ಆಕ್ಷೇಪ ಎತ್ತಿದರು. ಅವರ ಮಾತಿನಲ್ಲಿ ಹುರುಳಿತ್ತು. 35 ಸೆಂಟಿಮೀಟರ್‌ನ ಹಗುರ ಪಿಬಿಟಿ ಬ್ರಷ್ ಒಂದೇ ಮಾದರಿ ಇಟ್ಟುಕೊಂಡು, ತಿರುಗಿಸಿ ಬಿಚ್ಚುವ ಜೆಟ್ ಮಾತ್ರ ಎರಡು ಬಗೆ ತರಿಸಿದೆವು: ಮುಂಭಾಗಕ್ಕೆ ಪೆನ್ಸಿಲ್, ಹಿಂಭಾಗಕ್ಕೆ ಫ್ಯಾನ್. ಮರದ ಕಡೆಗೆ ಮಿಶ್ರ ಬ್ರಷ್ ಒಂದು. ಫಿಲ್ಮ್ ಕಿಟಕಿಗೆ ಮೆತ್ತನೆಯ ಚಿಕ್ಕದೊಂದು. ಬ್ರಷ್‌ನ ಬೆನ್ನಿಗೆ ಬಣ್ಣದ ಟೇಪ್ ಸುತ್ತಿದರು, ಕೋಲಿಗೆ ಥಟ್ಟನೆ ಸಿಕ್ಕಿಸಿ ತೆಗೆಯುವ ಸಾಕೆಟ್ ಹಾಕಿದರು. ಹಳೆಯ 45ರ ಬ್ರಷ್ ಎಸೆಯಲಿಲ್ಲ. ನೆಲಮಹಡಿಯ ಅಗಲವಾದ ಗಾಜುಗಳಿಗೆ, ಚಿಕ್ಕ ಕೋಲಿಗೆ, ಅದು ಈಗಲೂ ಹೇಳಿ ಮಾಡಿಸಿದ ಹಾಗಿದೆ.

ಫ್ಯಾನ್ ಜೆಟ್‌ಗೆ ಒಂದು ಮಿತಿ ಇದೆ. ಗಾಳಿ ಜೋರಿದ್ದಾಗ ಅದರ ತೆಳು ನೀರು ಗಾಜಿಗೆ ತಲುಪುವ ಮೊದಲೇ ಚದುರುತ್ತದೆ. ಅಂಥ ಹೊತ್ತಿನಲ್ಲಿ ಮೇಲಿನ ಮಹಡಿಯ ಹಿಂಭಾಗವನ್ನು ಬಿಟ್ಟು ಬೇರೆ ಮುಖಕ್ಕೆ ಹೋಗುವುದೆಂದು ತಂಡ ತೀರ್ಮಾನಿಸಿದೆ. ಫ್ಯಾನ್ ಜೆಟ್‌ನ ಸೀಳುಬಾಯಿಗೆ ನೀರು ಶುದ್ಧಿಸುವ ಫಿಲ್ಟರಿನ ರೆಸಿನ್ ಕಣ, ಪೈಪಿನ ಚೂರು ಸಿಕ್ಕಿ ಬೇಗ ಕಟ್ಟಿಕೊಳ್ಳುತ್ತದೆ. ಒಂದು ಪಕ್ಕ ಕಟ್ಟಿದರೆ ಗಾಜಿನ ಅದೇ ಪಕ್ಕಕ್ಕೆ ಚುಕ್ಕಿ ಬರುತ್ತದೆ, ಆಗ ಬಿಚ್ಚಿ ಹಿಂದುಮುಂದಾಗಿ ನೀರು ಹಾಯಿಸಬೇಕು.

ಬ್ರಷ್ ಯಾವಾಗ ಬದಲಿಸಬೇಕು ಎಂಬುದಕ್ಕೆ ದಿನಗಳ ಲೆಕ್ಕ ಇಟ್ಟುಕೊಂಡಿಲ್ಲ. ನೆನೆದ ಬ್ರಷ್ಷನ್ನು ಒತ್ತದೆ ಗಾಜಿಗೆ ತಾಗಿಸಿ ಪಕ್ಕದಿಂದ ನೋಡಿದಾಗ ಎಳೆಗಳು ಬುಡದಿಂದಲೇ ಹೊರಕ್ಕೆ ಚೆಲ್ಲಿದ್ದರೆ, ತುದಿಗಳ ಬದಲು ಎಳೆಗಳ ಮೈ ಗಾಜಿಗೆ ತಾಗುತ್ತಿದ್ದರೆ, ಅದರ ಕಾಲ ಮುಗಿದಿದೆ. ಮಿಶ್ರ ಬ್ರಷ್‌ನಲ್ಲಿ ಹೊರಸಾಲಿನ ಹಂದಿಕೂದಲು ಸವೆದು ಒಳಸಾಲಿನ ನೈಲಾನ್‌ಗಿಂತ ಗಿಡ್ಡವಾದಾಗ.

ತೋಟದ ಸ್ಪ್ರಿಂಕ್ಲರ್ ನೀರು ಬಿದ್ದು ಬಿದ್ದು ನೆಲಮಹಡಿಯ ಕೆಲವು ಗಾಜಿನ ಮೇಲೆ ಬಿಳಿ ಖನಿಜದ ಕಲೆ ಕಚ್ಚಿಕೊಂಡಿದೆ. ಅದಕ್ಕೆ ಯಾವ ಬ್ರಷ್ ಕೊಂಡರೂ ಪ್ರಯೋಜನವಿಲ್ಲ. ರಾಸಾಯನಿಕ ಹಾಕಿ ಕೈಯಿಂದ ಮಾಡಬೇಕಾದ ಬೇರೆಯದೇ ಕೆಲಸ ಅದು, ಬೇರೆ ಗುತ್ತಿಗೆಯಾಗಿ ಬರೆಸಿಕೊಂಡಿದ್ದಾರೆ. ಸ್ಪ್ರಿಂಕ್ಲರ್‌ನ ದಿಕ್ಕು ತಿರುಗಿಸುವಂತೆ ಉಸ್ತುವಾರಿಯವರಿಗೆ ಹೇಳಿದ್ದೇನೆ. ಹಿಂಭಾಗದ ಗಾಜಿಗೆ ಪ್ರತಿ ಸಲ ಕೆಲಸ ಶುರು ಮಾಡುವ ಮುನ್ನ ಒದ್ದೆ ಮಾಡಿ ನೋಡುವುದು ಮೇಸ್ತ್ರಿಯ ಜವಾಬ್ದಾರಿ. ಸೀಲಂಟ್ ಹಳತಾಗಿ ನೀರು ಪದರವಾಗಿ ಇಳಿಯತೊಡಗಿದರೆ ಅಲ್ಲಿಗೂ ಪೆನ್ಸಿಲ್ ಜೆಟ್ ಹಾಕಿ ಹರಿವನ್ನು ಕಡಿಮೆ ಮಾಡಬಹುದು.